ಲಕ್ಷ ವ್ಯೂಸ್ ಬಂತು, ವ್ಯಾಪಾರ ಬರಲಿಲ್ಲ: ಟೂರಿಸಂ ಟ್ರೇಡ್ ಶೋಗೆ ಇಂಟರ್ನೆಟ್ ಪ್ರಚಾರ ಹೇಗೆ?

ಕಳೆದ ವರ್ಷ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಫ್ರೆಂಡ್ಸ್ ಒಂದು ಟೂರಿಸಂ ಟ್ರೇಡ್ ಶೋಗೆ ವಾಲಂಟಿಯರ್ ಆಗಿ ಹೋಗಿದ್ದೆವು. ನಮಗೆ ಸಿಕ್ಕಿದ್ದು ಆನ್‌ಲೈನ್ ಪ್ರಚಾರದ ಕೆಲಸ. ಇಷ್ಟೇನಾ ಅಂತ ಖುಷಿಯಾಗಿ ಒಪ್ಪಿಕೊಂಡೆವು. ಜಲಪಾತದ ಡ್ರೋನ್ ಶಾಟ್, ಹಿಂದೆ ಒಂದು ಹಾಡು, ಕೊನೆಗೆ ತಾರೀಖು. ಒಂದು ರೀಲ್ ಲಕ್ಷ ವ್ಯೂಸ್ ದಾಟಿದ ದಿನ ಹಾಸ್ಟೆಲ್‌ನಲ್ಲಿ ಪಾರ್ಟಿಯೂ ಆಯ್ತು.

ನಮ್ಮಲ್ಲಿ ಒಬ್ಬನ ದೊಡ್ಡಮ್ಮ ಮೂಡಿಗೆರೆ ಹತ್ತಿರ ನಾಲ್ಕು ರೂಮಿನ ಹೋಮ್‌ಸ್ಟೇ ನಡೆಸುತ್ತಾರೆ. ನಮ್ಮ ಮಾತು ನಂಬಿ ಬಾಡಿಗೆ ಕಟ್ಟಿ ಅಲ್ಲಿ ಒಂದು ಸ್ಟಾಲ್ ಹಾಕಿದರು. ಮೂರು ದಿನ ಹಾಲ್ ತುಂಬಾ ಜನ. ಬಂದವರು ಕಾಫಿ ಕುಡಿದರು, ಸೆಲ್ಫಿ ತಗೊಂಡರು, ಬ್ರೋಷರ್ ಎತ್ತಿಕೊಂಡು ಹೋದರು. ಆದರೆ ಟೂರ್ ಆಪರೇಟರ್ ಅಂತ ಒಬ್ಬರೂ ಕೂತು ರೇಟ್ ಕೇಳಲಿಲ್ಲ. ಕೊನೆಯ ದಿನ ಬ್ಯಾನರ್ ಸುತ್ತಿಡುವಾಗ ದೊಡ್ಡಮ್ಮ ಕೇಳಿದರು: "ಜನ ಬರ್ತಾರೆ ಅಂದ್ರಿ, ಬಂದ್ರು ಕಣ್ರೋ. ವ್ಯಾಪಾರ ಎಲ್ಲಿ ಬಂತು?"

ಉತ್ತರ ನಮ್ಮ ಹತ್ತಿರ ಇರಲಿಲ್ಲ. ಆಮೇಲೆ ಕೂತು ಓದಿ, ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಾವೆಲ್ಲ ಇಂಗ್ಲಿಷ್ ಮೀಡಿಯಂನವರು, ಕನ್ನಡದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಟ್ರೇಡ್ ಶೋ ಅಂದರೆ ಏನು?

ನಾವು ಮಾಡಿದ ಮೊದಲ ತಪ್ಪು, ಟ್ರೇಡ್ ಶೋವನ್ನು ಜಾತ್ರೆ ಅಂದುಕೊಂಡಿದ್ದು. ಜಾತ್ರೆಗೆ ಎಷ್ಟು ಜನ ಬಂದರೆ ಅಷ್ಟು ಒಳ್ಳೆಯದು. ಟ್ರೇಡ್ ಶೋನಲ್ಲಿ ವ್ಯಾಪಾರ ನಡೆಯೋದು ವ್ಯಾಪಾರಿಗಳ ನಡುವೆ. ಒಂದು ಕಡೆ ಹೋಟೆಲ್, ರೆಸಾರ್ಟ್, ಹೋಮ್‌ಸ್ಟೇ, ಏರ್‌ಲೈನ್, ರಾಜ್ಯಗಳ ಪ್ರವಾಸೋದ್ಯಮ ಇಲಾಖೆ. ಇವರು ಮಾರುವವರು. ಇನ್ನೊಂದು ಕಡೆ ಟೂರ್ ಆಪರೇಟರ್, ಟ್ರಾವೆಲ್ ಏಜೆಂಟ್, ಕಂಪನಿಗಳಿಗೆ ಟ್ರಿಪ್ ಏರ್ಪಾಡು ಮಾಡುವವರು. ಇವರು ಕೊಳ್ಳುವವರು, ಅಂದರೆ ಬಯರ್‌ಗಳು. ರೀಲ್ ನೋಡಿ ಬಂದವರು ವರ್ಷಕ್ಕೊಮ್ಮೆ ಎರಡು ರಾತ್ರಿ ಉಳಿಯಬಹುದು. ಒಬ್ಬ ಟೂರ್ ಆಪರೇಟರ್‌ಗೆ ಮನೆ ಇಷ್ಟವಾದರೆ ಸೀಸನ್ ಪೂರ್ತಿ ಗೆಸ್ಟ್ ಕಳಿಸಬಹುದು. ಅದಕ್ಕೇ ಎಷ್ಟೋ ಶೋಗಳಲ್ಲಿ ಆಯೋಜಕರೇ ಟಿಕೆಟ್, ಹೋಟೆಲ್ ಖರ್ಚು ಕೊಟ್ಟು ಬಯರ್‌ಗಳನ್ನು ಕರೆಸುತ್ತಾರೆ. ಇವರಿಗೆ ಹೋಸ್ಟೆಡ್ ಬಯರ್ ಅಂತ ಹೆಸರು. ಬದಲಿಗೆ ಅವರು ಇಂತಿಷ್ಟು ಮೀಟಿಂಗ್‌ಗಳಲ್ಲಿ ಕೂರಲೇಬೇಕು.

ಜಗತ್ತಿನ ಅತಿ ದೊಡ್ಡ ಟೂರಿಸಂ ಟ್ರೇಡ್ ಶೋಗಳಲ್ಲಿ ಒಂದು ಜರ್ಮನಿಯ ಐಟಿಬಿ ಬರ್ಲಿನ್. ಐಟಿಬಿಯಲ್ಲಿ 'ಬಿ' ಅಂದರೆ 'ಬೋರ್ಸೆ', ನಮ್ಮ ಭಾಷೆಯಲ್ಲಿ ಪೇಟೆ ಅನ್ನಬಹುದು. 1966ರಲ್ಲಿ ಶುರುವಾದಾಗ ಅಲ್ಲಿದ್ದದ್ದು 5 ದೇಶಗಳ ಬರೀ 9 ಪ್ರದರ್ಶಕರು. ಈಗ ಸಾವಿರಾರು. ನಮ್ಮ ರಾಜ್ಯಕ್ಕೂ ಇಂಥದ್ದೊಂದಿದೆ: ಕರ್ನಾಟಕ ಇಂಟರ್‌ನ್ಯಾಷನಲ್ ಟ್ರಾವೆಲ್ ಎಕ್ಸ್‌ಪೋ. ಅದರ ಚಿಕ್ಕ ಹೆಸರು ಕೈಟ್. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಡೆಯಿತು.

ಯಾರಿಗೆ ಹೇಳಬೇಕು, ಏನು ಹೇಳಬೇಕು?

ಬಯರ್‌ಗೆ ಜಲಪಾತದ ವಿಡಿಯೋ ಹೊಸದೇನಲ್ಲ. ದಿನಾ ಅದನ್ನೇ ಮಾರುತ್ತಾರೆ. ಅವರಿಗೆ ಬೇಕಾಗಿರೋದು ಬೇರೆ. ಶೋಗೆ ಯಾರು ಯಾರು ಬರುತ್ತಿದ್ದಾರೆ? ಯಾವ ಊರಿನವರು? ಎಷ್ಟು ರೂಮು? ಬಸ್ಸು ಗೇಟಿನವರೆಗೆ ಬರುತ್ತಾ? ಮಳೆಗಾಲದ ರೇಟ್ ಏನು? ಮೊದಲೇ ಅಪಾಯಿಂಟ್‌ಮೆಂಟ್ ತಗೊಳ್ಳಬಹುದಾ?

ಹಾಗಾಗಿ ಶೋನ ಅತಿ ಒಳ್ಳೆಯ ಜಾಹೀರಾತು ಅಂದರೆ ಪ್ರದರ್ಶಕರ ಪಟ್ಟಿ. ಪ್ರತಿ ಸ್ಟಾಲ್‌ಗೂ ವೆಬ್‌ಸೈಟ್‌ನಲ್ಲಿ ಒಂದು ಪುಟ, ಅದರಲ್ಲಿ ಈ ಮಾಹಿತಿ, ಕೆಳಗೆ ಅಪಾಯಿಂಟ್‌ಮೆಂಟ್ ಬಟನ್. ಆಗ ಯಾವನೋ ಏಜೆಂಟ್ ಗೂಗಲ್‌ನಲ್ಲಿ 'ಮೂಡಿಗೆರೆ ಹೋಮ್‌ಸ್ಟೇ ಗ್ರೂಪ್ ಬುಕಿಂಗ್' ಅಂತ ಹುಡುಕಿದರೂ ಈ ಪುಟ ಸಿಗುವ ಚಾನ್ಸ್ ಇದೆ. ನಾವು ಏನು ಮಾಡಿದ್ದೆವು ಗೊತ್ತಾ? ಎಲ್ಲರ ಹೆಸರನ್ನೂ ಒಂದು ಚೆಂದದ ಪೋಸ್ಟರ್ ಮೇಲೆ ಹಾಕಿ, ಇಮೇಜ್ ಮಾಡಿ ಅಪ್‌ಲೋಡ್ ಮಾಡಿದ್ದೆವು. ಇಮೇಜ್ ಒಳಗಿನ ಅಕ್ಷರವನ್ನು ಸರ್ಚ್ ಎಂಜಿನ್ ಮಾಮೂಲಿ ಟೆಕ್ಸ್ಟ್ ಥರ ಓದುತ್ತೆ ಅಂತ ನಂಬುವ ಹಾಗಿಲ್ಲ. ಕಾಪಿ ಮಾಡಿ ಇನ್ನೊಬ್ಬರಿಗೆ ಕಳಿಸೋದೂ ಕಷ್ಟ.

ಮೆಷಿನ್‌ಗೂ ಅರ್ಥ ಆಗಬೇಕು

ಸಿಎಸ್ ಬ್ರ್ಯಾಂಚ್‌ನವರಿಗೆ ಇದು ಇಷ್ಟ ಆಗಬಹುದು. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ಸ್ಕೀಮಾ ಡಾಟ್ ಆರ್ಗ್ ಅನ್ನುವ ಒಂದು ಸಾಮಾನ್ಯ ಪದಕೋಶ ಶುರು ಮಾಡಿದವು. ಅದರಲ್ಲಿ 'ಈವೆಂಟ್' ಅಂತ ಒಂದು ಟೈಪ್ ಇದೆ. ಶೋ ಹೆಸರು, ಶುರುವಾಗುವ ದಿನ, ಮುಗಿಯುವ ದಿನ, ಜಾಗ, ಟಿಕೆಟ್ ವಿವರ ಎಲ್ಲವನ್ನೂ ಜೇಸನ್ ರೂಪದಲ್ಲಿ ಪುಟದ ಕೋಡ್ ಒಳಗೆ ಸೇರಿಸಬಹುದು. ಆಗ ಇದು ಬರೀ ಬರಹ ಅಲ್ಲ, ಇಂಥ ದಿನ ಇಂಥ ಕಡೆ ನಡೆಯುವ ಕಾರ್ಯಕ್ರಮ ಅಂತ ಸರ್ಚ್ ಎಂಜಿನ್‌ಗೆ ಸ್ಪಷ್ಟವಾಗುತ್ತೆ. ಹತ್ತಿಪ್ಪತ್ತು ಸಾಲಿನ ಕೆಲಸ, ಖರ್ಚಿಲ್ಲ.

2020ರ ಮಾರ್ಚ್ 4ಕ್ಕೆ ಶುರುವಾಗಬೇಕಿದ್ದ ಐಟಿಬಿ ಬರ್ಲಿನ್ ಕೊರೋನಾದಿಂದ ಫೆಬ್ರವರಿ 28ರಂದು ರದ್ದಾಯಿತು. ಜಗತ್ತಿನಾದ್ಯಂತ ಕಾರ್ಯಕ್ರಮಗಳು ಹೀಗೇ ನಿಂತಾಗ, ಅದೇ ಮಾರ್ಚ್‌ನಲ್ಲಿ ಸ್ಕೀಮಾ ಡಾಟ್ ಆರ್ಗ್‌ಗೆ 'ಆನ್‌ಲೈನ್‌ಗೆ ಬದಲಾಗಿದೆ' ಅನ್ನುವ ಹೊಸ ಸ್ಟೇಟಸ್ ಸೇರಿಸಿದರು. ತಾರೀಖು ಬದಲಾದರೆ ಪೋಸ್ಟರ್ ವಾಪಸ್ ತರಿಸೋಕೆ ಆಗಲ್ಲ. ವೆಬ್‌ಪುಟ ತಿದ್ದಬಹುದು. ಪ್ರಚಾರಕ್ಕೆ ನಮ್ಮದೇ ಒಂದು ಪುಟ ಯಾಕಿರಬೇಕು ಅನ್ನೋದಕ್ಕೆ ಇದೂ ಒಂದು ಕಾರಣ.

ಇಮೇಲ್ ಸ್ಪ್ಯಾಮ್‌ಗೆ ಯಾಕೆ ಹೋಯ್ತು?

ಬಯರ್‌ಗಳನ್ನು ತಲುಪೋಕೆ ಇಮೇಲ್, ಲಿಂಕ್ಡ್‌ಇನ್, ಏಜೆಂಟರ ವಾಟ್ಸಾಪ್ ಗ್ರೂಪ್ ಒಳ್ಳೆಯ ದಾರಿ. ಆದರೆ ಸಿಕ್ಕ ಸಿಕ್ಕವರಿಗೆಲ್ಲ ಒಟ್ಟಿಗೆ ಮೇಲ್ ಕಳಿಸಿದರೆ ಅದು ಸೀದಾ ಸ್ಪ್ಯಾಮ್‌ಗೆ. ಮೇಲ್ ನಿಜವಾಗಿ ನಮ್ಮ ಡೊಮೇನ್‌ನಿಂದಲೇ ಬಂದಿದೆ ಅಂತ ತೋರಿಸೋಕೆ ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ ರೆಕಾರ್ಡ್‌ಗಳನ್ನು ಹಾಕಬೇಕು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಗೂಗಲ್ ಇವನ್ನು ಕಡ್ಡಾಯ ಮಾಡಿದೆ. ಪ್ರಚಾರದ ಮೇಲ್‌ನಲ್ಲಿ ಒಂದೇ ಕ್ಲಿಕ್‌ನಲ್ಲಿ 'ಬೇಡ' ಅನ್ನುವ ಅವಕಾಶವೂ ಇರಬೇಕು. ಇದ್ಯಾವುದೂ ಗೊತ್ತಿಲ್ಲದೆ ನಾವು ಮಾಮೂಲಿ ಜಿಮೇಲ್ ಐಡಿಯಿಂದ ಎಲ್ಲರನ್ನೂ ಬಿಸಿಸಿಗೆ ಹಾಕಿ ಕಳಿಸಿದ್ದೆವು.

ಯಾವ ಲೆಕ್ಕ ಇಡಬೇಕು?

ನಾವು ಎಣಿಸಿದ್ದು ವ್ಯೂಸ್. ಎಣಿಸಬೇಕಾಗಿದ್ದು ಫಿಕ್ಸ್ ಆದ ಮೀಟಿಂಗ್. ಲಿಂಕ್ ಕೊನೆಗೆ ಯುಟಿಎಂ ಟ್ಯಾಗ್ ಸೇರಿಸಿದರೆ ಯಾವ ಜಾಗದಿಂದ ಎಷ್ಟು ಜನ ಪುಟಕ್ಕೆ ಬಂದರು ಅಂತ ಗೊತ್ತಾಗುತ್ತೆ. ರಿಜಿಸ್ಟ್ರೇಷನ್ ಫಾರ್ಮ್‌ನಲ್ಲಿ 'ನೀವು ಏಜೆಂಟಾ, ಪ್ರವಾಸಿಗರಾ?' ಅಂತ ಒಂದೇ ಪ್ರಶ್ನೆ ಇಟ್ಟರೆ ಜರಡಿ ಹಿಡಿದ ಹಾಗೆ. ಉದಾಹರಣೆಗೆ ಇನ್‌ಸ್ಟಾದಿಂದ 1,000 ಜನ ಬಂದು ಅದರಲ್ಲಿ 2 ಬಯರ್, ಏಜೆಂಟರ ಗ್ರೂಪ್‌ನಿಂದ 40 ಜನ ಬಂದು ಅದರಲ್ಲಿ 15 ಬಯರ್ ಅಂತಿಟ್ಟುಕೊಳ್ಳಿ. ದುಡ್ಡು, ಸಮಯ ಎಲ್ಲಿ ಹಾಕಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಶೋ ಪೂರ್ತಿ ಆನ್‌ಲೈನ್ ಮಾಡಬಹುದಲ್ವಾ?

ಐಟಿಬಿಯವರು ಅದನ್ನೂ ನೋಡಿದರು. 2021 ಮತ್ತು 2022ರಲ್ಲಿ ಸ್ಕ್ರೀನ್ ಮೇಲೆಯೇ ನಡೆಸಿದರು. 2023ರ ಮಾರ್ಚ್ 7ರಿಂದ 9ರವರೆಗೆ ಮತ್ತೆ ಬರ್ಲಿನ್‌ನ ಹಾಲ್‌ಗಳಿಗೆ ವಾಪಸ್ ಬಂದರು. ಅದೂ ಒಂದು ಬದಲಾವಣೆಯ ಜೊತೆ: ಮೊದಲು ವಾರಾಂತ್ಯದಲ್ಲಿ ಸಾರ್ವಜನಿಕರಿಗೂ ಪ್ರವೇಶ ಇತ್ತು, ಈಗ ಬರೀ ವ್ಯಾಪಾರದವರಿಗೆ. ಜನ ಕಡಿಮೆ ಆಗಲಿ, ಸರಿಯಾದವರು ಬರಲಿ ಅನ್ನೋ ಲೆಕ್ಕ ಅದು ಅಂತ ನಮಗನಿಸುತ್ತೆ. ಗೊತ್ತಿಲ್ಲದ ಮನೆಗೆ ತನ್ನ ಗೆಸ್ಟ್ ಕಳಿಸುವ ಮೊದಲು ಏಜೆಂಟ್‌ಗೆ ಆ ಮನೆಯವರ ಮುಖ ನೋಡಿ ಮಾತಾಡಬೇಕು ಅನಿಸುತ್ತೆ. ಆ ಕುರ್ಚಿವರೆಗೆ ಅವರನ್ನು ಕರೆತರೋದು ಇಂಟರ್ನೆಟ್ ಕೆಲಸ. ಅಲ್ಲಿಂದ ಮುಂದಿನದು ದೊಡ್ಡಮ್ಮನ ಕೆಲಸ.

ಈ ಸಲ ಇನ್ನೊಂದು ಶೋಗೆ ಹೋಗುವ ಮೊದಲು ನಾವು ದೊಡ್ಡಮ್ಮನಿಗೆ ಒಂದೇ ಒಂದು ಪುಟ ಮಾಡಿಕೊಟ್ಟೆವು. ರೂಮು, ರೇಟ್, ರಸ್ತೆ, ಊಟ, ಫೋನ್ ನಂಬರ್. ಹಾಡಿಲ್ಲ, ಡ್ರೋನ್ ಇಲ್ಲ. ಶೋಗೆ ಬರುವ ಏಜೆಂಟರಲ್ಲಿ ಮಲೆನಾಡಿನ ಟ್ರಿಪ್ ಮಾಡುವವರನ್ನು ಹುಡುಕಿ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಬರೆದೆವು. ಆರು ಜನ ಟೈಮ್ ಕೊಟ್ಟರು, ನಾಲ್ಕು ಜನ ಬಂದು ಕೂತರು. ಒಬ್ಬರು ಮಳೆ ನಿಂತ ಮೇಲೆ ಒಂದು ಗ್ರೂಪ್ ಕಳಿಸ್ತೀನಿ ಅಂದಿದ್ದಾರೆ. ಇನ್ನೂ ಕಳಿಸಿಲ್ಲ. ಆದರೆ ಮೊನ್ನೆ ಫೋನ್ ಮಾಡಿ, ಇಪ್ಪತ್ತು ಜನಕ್ಕೆ ಅಡುಗೆ ಮಾಡ್ತೀರಾ ಅಂತ ಕೇಳಿದರಂತೆ.

ಮುಂದಿನ ತಿಂಗಳು ನಮ್ಮ ಕಾಲೇಜ್ ಫೆಸ್ಟ್ ಪ್ರಚಾರ ಶುರುವಾಗುತ್ತೆ. ಸ್ಟಾಲ್ ಹಾಕುವವರೂ ಬರುತ್ತಾರೆ, ನಮ್ಮನ್ನು ನಂಬಿ ದುಡ್ಡು ಕಟ್ಟುತ್ತಾರೆ. ರೀಲ್ ಮಾಡೋಣ, ಬೇಡ ಅನ್ನಲ್ಲ. ಅದಕ್ಕೂ ಮೊದಲು, ಅವರ ಸ್ಟಾಲ್ ಮುಂದೆ ಯಾರು ಬಂದು ನಿಲ್ಲಬೇಕು ಅಂತ ಅವರನ್ನೇ ಒಂದು ಸಲ ಕೇಳೋಣ.