ಲಕ್ಷವೆಂದರೆ ಹತ್ತು ಸಾವಿರ, ಕೋಟಿಯೆಂದರೆ ಲಕ್ಷ!

ಇಂಡೊನೇಷಿಯಾದ ಭಾಷೆಯಲ್ಲಿ ಎಣಿಕೆ ಕಲಿಯಲು ಕೂತವರಿಗೆ ಮೊದಲ ದಿನ ಎಲ್ಲವೂ ಸಲೀಸು. ಹತ್ತರವರೆಗಿನ ಪಟ್ಟಿ ಅರ್ಧ ಗಂಟೆಯೊಳಗೆ ಬಾಯಿಗೆ ಬಂದುಬಿಡುತ್ತದೆ: ಸತು, ದುವ, ತಿಗ, ಎಂಪತ್, ಲಿಮ, ಎನಮ್, ತುಜುಃ, ದೆಲಪನ್, ಸೆಂಬಿಲನ್, ಸೆಪುಲುಃ. ಇಲ್ಲಿಯ ತಕಾರ ಇಂಗ್ಲಿಷಿನ ಟಕಾರದಂತಲ್ಲ, ನಮ್ಮ ತಕಾರದಂತೆಯೇ ಹಲ್ಲಿಗೆ ತಾಗುವಂಥದು. ನಾಲ್ಕು ಮತ್ತು ಆರರ ಮೊದಲಿಗಿರುವ ಎಕಾರ ಮಾತ್ರ ಅಕಾರಕ್ಕೂ ಎಕಾರಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಏಳು ಮತ್ತು ಹತ್ತರ ಕೊನೆಯಲ್ಲಿ ಕೇಳುವ ಹಗುರವಾದ ಹಕಾರವನ್ನು ಕನ್ನಡದಲ್ಲಿ ವಿಸರ್ಗದಿಂದ ತೋರಿಸುವುದೇ ಅನುಕೂಲ. ಅದರಲ್ಲಿ ತಪ್ಪೂ ಇಲ್ಲ. ಜಾವಾದ ಹಳೆಯ ಲಿಪಿಯಲ್ಲಿ ಈ ಕೊನೆಯ ಹಕಾರಕ್ಕೆ ಬಳಸುವ ಚಿಹ್ನೆ ಹುಟ್ಟಿದ್ದು ವಿಸರ್ಗದಿಂದಲೇ.

ಹತ್ತು ದಾಟಿದ ಮೇಲೂ ಕಷ್ಟವಿಲ್ಲ. ‘ಸೆ’ ಎಂದರೆ ಒಂದು. ‘ಪುಲುಃ’ ಹತ್ತು, ‘ರತುಸ್’ ನೂರು, ‘ರಿಬು’ ಸಾವಿರ. ಹಾಗಾಗಿ ಸೆಪುಲುಃ, ಸೆರತುಸ್, ಸೆರಿಬು ಎಂದರೆ ಒಂದು ಹತ್ತು, ಒಂದು ನೂರು, ಒಂದು ಸಾವಿರ. ದುವ ಪುಲುಃ ಇಪ್ಪತ್ತು, ತಿಗ ರತುಸ್ ಮುನ್ನೂರು. ಹನ್ನೊಂದರಿಂದ ಹತ್ತೊಂಬತ್ತರವರೆಗೆ ‘ಬೆಲಸ್’ ಎಂಬ ಬಾಲ: ಸೆಬೆಲಸ್, ದುವ ಬೆಲಸ್, ತಿಗ ಬೆಲಸ್. ಇಷ್ಟು ಗೊತ್ತಾದರೆ ಆ ದೇಶ ಸ್ವಾತಂತ್ರ್ಯ ಘೋಷಿಸಿದ 1945ನೇ ಇಸವಿಯನ್ನೂ ಹೇಳಬಹುದು: ಸೆರಿಬು ಸೆಂಬಿಲನ್ ರತುಸ್ ಎಂಪತ್ ಪುಲುಃ ಲಿಮ. ಹಿಂದಿಯಲ್ಲಿ ನೂರರವರೆಗೆ ಪ್ರತಿಯೊಂದು ಸಂಖ್ಯೆಯನ್ನೂ ಬೇರೆ ಬೇರೆಯಾಗಿ ಉರು ಹೊಡೆಯಬೇಕಾದ ಕಷ್ಟ ಇಲ್ಲಿಲ್ಲ. ನಮ್ಮ ಮೂವತ್ತು, ನಲವತ್ತು, ಐವತ್ತುಗಳ ಹಾಗೆ ಅಂಕಿಯ ರೂಪ ಬದಲಾಗುವ ಗೋಜೂ ಇಲ್ಲ.

ಇಷ್ಟು ಸರಳವಾದ ಪಟ್ಟಿಯ ಒಳಗೇ ಹಳೆಯ ಕೈಬೆರಳ ಎಣಿಕೆಯ ಗುರುತುಗಳು ಅಡಗಿವೆ. ‘ಲಿಮ’ ಎಂಬುದು ಐದೂ ಹೌದು, ಮೂಲದಲ್ಲಿ ಕೈಯೂ ಹೌದು. ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ಇಂದಿಗೂ ಲಿಮ ಎಂದರೆ ಐದು ಮತ್ತು ಕೈ, ಎರಡೂ ಅರ್ಥ. ಫಿಲಿಪೀನ್ಸ್‌ನ ತಗಾಲೊಗ್‌ನಲ್ಲಿ ಐದಕ್ಕೆ ಲಿಮ, ಆಫ್ರಿಕಾದ ಮಗ್ಗುಲಿನ ಮಡಗಾಸ್ಕರ್‌ನಲ್ಲಿ ದಿಮಿ. ಹಾಯಿದೋಣಿಗಳಲ್ಲಿ ಸಾಗರ ದಾಟಿದ ಜನ ತಮ್ಮ ಬೆರಳುಗಳ ಲೆಕ್ಕವನ್ನೂ ಜತೆಗೆ ಕೊಂಡೊಯ್ದರು. ‘ಸತು’ ಎಂಬ ಒಂದರಲ್ಲಿ ‘ಒಂದು ಕಲ್ಲು’ ಎಂಬ ಅರ್ಥವಿದೆ ಎನ್ನುತ್ತಾರೆ ವಿದ್ವಾಂಸರು. ಕಲ್ಲಿಟ್ಟು ಎಣಿಸುವುದು ನಮ್ಮಲ್ಲೂ ಹೊಸದೇನಲ್ಲ.

ಎಂಟು ಮತ್ತು ಒಂಬತ್ತರ ಕಥೆ ಇನ್ನೂ ಸ್ವಾರಸ್ಯದ್ದು. ದೆಲಪನ್ ಎಂದರೆ ‘ಎರಡು ತೆಗೆದದ್ದು’, ಸೆಂಬಿಲನ್ ಎಂದರೆ ‘ಒಂದು ತೆಗೆದದ್ದು’. ತೆಗೆಯುವುದು ಹತ್ತರಿಂದ. ‘ಅಂಬಿಲ್’ ಎಂಬ ಕ್ರಿಯಾಪದಕ್ಕೆ ಇಂದಿಗೂ ತೆಗೆದುಕೊಳ್ಳುವುದು ಎಂದೇ ಅರ್ಥ. ಹತ್ತು ಬೆರಳು ಚಾಚಿ ಒಂದನ್ನು ಮಡಿಸಿದರೆ ಒಂಬತ್ತು. ಇದನ್ನು ಕೇಳಿ ಕನ್ನಡಿಗರು ಬೆರಗಾಗಬೇಕಿಲ್ಲ. ನಮ್ಮ ‘ಒಂಬತ್ತು’ ಕೂಡ ‘ಒನ್’ ಮತ್ತು ‘ಪತ್ತು’ ಸೇರಿ ಆದದ್ದು, ಹತ್ತಕ್ಕೆ ಒಂದು ಕಡಿಮೆ ಎಂಬ ಎಣಿಕೆ. ಸಂಬಂಧವೇ ಇಲ್ಲದ ಎರಡು ಭಾಷಾಕುಲಗಳು ಒಂದೇ ಜಾಗದಲ್ಲಿ ಒಂದೇ ಬೆರಳು ಮಡಿಸಿವೆ!

ಸಂಸ್ಕೃತ ಹೋದ ದಾರಿ

ಅಂಕಿಗೆ ಇಂಡೊನೇಷಿಯಾದಲ್ಲಿ ‘ಅಂಗ್ಕ’ ಎನ್ನುತ್ತಾರೆ. ಅದು ಸಂಸ್ಕೃತದ ಅಂಕ. ಮೊದಲನೆಯದು ‘ಪೆರ್ತಮ’, ಅಂದರೆ ಪ್ರಥಮ. ಎರಡನೆಯದರಿಂದ ಮುಂದಕ್ಕೆ ಮತ್ತೆ ಸ್ವಂತ ಪದಗಳಿಗೆ ‘ಕೆ’ ಹಚ್ಚಿದರಾಯಿತು: ಕೆದುವ, ಕೆತಿಗ. ಆದರೆ ಗಾಂಭೀರ್ಯ ಬೇಕಾದ ಕಡೆಯಲ್ಲೆಲ್ಲ ಏಕ, ದ್ವಿ, ತ್ರಿ, ಚತುರ್, ಪಂಚ, ಸಪ್ತ, ದಶಗಳೇ ಬರುತ್ತವೆ. ಸುಕರ್ನೊ 1945ರ ಜೂನ್ 1ರಂದು ಮಂಡಿಸಿದ ಐದು ತತ್ವಗಳು ‘ಪಂಚಶೀಲ’. ಸೇನೆಯ ಪ್ರತಿಜ್ಞೆ ‘ಸಪ್ತ ಮಾರ್ಗ’. ಸ್ಕೌಟ್ ಹುಡುಗರ ನಿಯಮಾವಳಿ ‘ದಶ ಧರ್ಮ’. ದಶಕಕ್ಕೆ ‘ದಸವರ್ಸ’. 2014ರಲ್ಲಿ ಅಧ್ಯಕ್ಷರಾದ ಜೊಕೊ ವಿದೊದೊ ಅವರ ಒಂಬತ್ತು ಅಂಶಗಳ ಕಾರ್ಯಕ್ರಮಕ್ಕೂ ‘ನವಚಿತ’ ಎಂದೇ ಹೆಸರು. ಜಾವಾದಲ್ಲಿ ‘ದ್ವಿ’ ಎಂಬ ಹೆಸರಿನವರು ಸಿಕ್ಕರೆ ಅವರು ಮನೆಯ ಎರಡನೆಯ ಮಗು ಎಂದು ಊಹಿಸಬಹುದು, ಹೆಚ್ಚಿನ ಸಲ ಊಹೆ ಸರಿಯಾಗಿರುತ್ತದೆ.

ನಮ್ಮವರು ಎಡವುವುದು ದೊಡ್ಡ ಸಂಖ್ಯೆಗಳಲ್ಲಿ. ಹಳೆಯ ಮಲಯ ಮತ್ತು ಜಾವಾ ಬರಹಗಳಲ್ಲಿ ‘ಲಕ್ಸ’ ಇದೆ, ‘ಕೆತಿ’ ಇದೆ. ಲಕ್ಷ ಮತ್ತು ಕೋಟಿ ಎಂದು ಗುರುತಿಸುವುದು ಸುಲಭ. ಆದರೆ ಅಲ್ಲಿ ಲಕ್ಸ ಎಂದರೆ ಹತ್ತು ಸಾವಿರ, ಕೆತಿ ಎಂದರೆ ಒಂದು ಲಕ್ಷ! ಕೋಟಿ ಎರಡು ಸೊನ್ನೆ ಕಳೆದುಕೊಂಡಿದೆ, ಲಕ್ಷ ಒಂದನ್ನು. ಇನ್ನೊಂದೆಡೆ ನಮ್ಮಲ್ಲಿ ಹತ್ತು ಸಾವಿರವಾಗಿದ್ದ ‘ಅಯುತ’ ಅಲ್ಲಿ ‘ಜುತ’ವಾಗಿ ಹತ್ತು ಲಕ್ಷಕ್ಕೆ ಏರಿ ಕುಳಿತಿದೆ. ಭಾರತದಲ್ಲೇ ‘ನಿಯುತ’ ಒಂದು ಪಟ್ಟಿಯಲ್ಲಿ ಲಕ್ಷ, ಇನ್ನೊಂದರಲ್ಲಿ ಹತ್ತು ಲಕ್ಷ ಆಗಿರುವಾಗ ಸಮುದ್ರ ದಾಟಿದ ಮಾತುಗಳು ಜಾಗ ಬದಲಿಸಿದ್ದರಲ್ಲಿ ವಿಶೇಷವಿಲ್ಲ. ಲಕ್ಸ, ಕೆತಿಗಳು ಈಗ ನಿಘಂಟಿನಲ್ಲಿ ಉಳಿದ ಹಳೆಯ ಪದಗಳು. ದಿನಬಳಕೆಗೆ ಉಳಿದದ್ದು ಜುತ ಒಂದೇ. ಅದರಾಚೆಯ ‘ಮಿಲಿಯರ್’ ಡಚ್ಚರು ಬಿಟ್ಟುಹೋದದ್ದು, ಅಂದರೆ ನೂರು ಕೋಟಿ. ಸೊನ್ನೆಗಿರುವ ‘ನೊಲ್’ ಕೂಡ ಡಚ್ಚರದೇ. ಫೋನ್ ನಂಬರ್ ಹೇಳುವಾಗ ಮಾತ್ರ ಎಷ್ಟೋ ಜನ ‘ಕೊಸೊಂಗ್’ ಎನ್ನುತ್ತಾರೆ. ‘ಖಾಲಿ’ ಎಂದರ್ಥ.

ಸೊನ್ನೆಯ ವಿಷಯಕ್ಕೆ ಬಂದರೆ ಸುಮಾತ್ರಾ ದ್ವೀಪವನ್ನು ಹಾಗೇ ದಾಟಿಹೋಗುವಂತಿಲ್ಲ. ಪಾಲೆಂಬಾಂಗ್ ಬಳಿ 1920ರಲ್ಲಿ ಸಿಕ್ಕ ತಲಾಂಗ್ ತುವೊ ಶಾಸನ ಹಳೆಯ ಮಲಯ ಭಾಷೆಯಲ್ಲಿದೆ, ಲಿಪಿ ದಕ್ಷಿಣ ಭಾರತದಿಂದ ಹೋದ ಪಲ್ಲವ ಲಿಪಿ. ಶ್ರೀವಿಜಯದ ದೊರೆ ಜಯನಾಶ ತೆಂಗು, ಅಡಿಕೆ ಮೊದಲಾದ ಮರಗಳ ಉದ್ಯಾನ ಮಾಡಿಸಿದ ಸಂಗತಿ ಅದರಲ್ಲಿದೆ. ಅದರ ಕಾಲ ಶಕವರ್ಷ 606, ಚೈತ್ರ ಶುದ್ಧ ಬಿದಿಗೆ. ಕ್ರಿ.ಶ. ಲೆಕ್ಕದಲ್ಲಿ 684. ನಮ್ಮ ಪಂಚಾಂಗದ ಪ್ರಕಾರ ಯುಗಾದಿಯ ಮರುದಿನ! ವರ್ಷವನ್ನು ಅಂಕಿಗಳಲ್ಲೇ ಕೆತ್ತಲಾಗಿದೆ, ಎರಡು ಆರುಗಳ ನಡುವೆ ಸೊನ್ನೆಯೂ ಇದೆ. ಬಾಂಗ್ಕಾ ದ್ವೀಪದ ಕೋತ ಕಪುರ್ ಶಾಸನದಲ್ಲಿ 608 ಎಂದಿದೆ. ಕಾಂಬೋಡಿಯಾದ ಒಂದು ಶಾಸನದ ಜತೆಗೆ ಇವು ಜಗತ್ತಿನಲ್ಲಿ ಕಾಲ ನಮೂದಾಗಿರುವ ಅತ್ಯಂತ ಹಳೆಯ ದಶಮಾನ ಸೊನ್ನೆಗಳ ಸಾಲಿಗೆ ಸೇರುತ್ತವೆ.

ಜಾವಾದವರು ವರ್ಷವನ್ನು ಮಾತಿನಲ್ಲೂ ಬಚ್ಚಿಟ್ಟರು. ನಮ್ಮ ಕವಿಗಳೂ ಶಾಸನಕಾರರೂ ಬಳಸಿದ ಭೂತಸಂಖ್ಯೆಯ ಕ್ರಮವೇ ಅದು. ಭೂಮಿ ಎಂದರೆ ಒಂದು, ನೇತ್ರ ಎಂದರೆ ಎರಡು, ಓದುವುದು ಬಲದಿಂದ ಎಡಕ್ಕೆ. ಮಜಪಹಿತ್ ಸಾಮ್ರಾಜ್ಯದ ಪತನಕ್ಕೆ ಪರಂಪರೆ ಹೇಳುವ ವರ್ಷಸೂಚಿಯಲ್ಲಿ ನಾಲ್ಕು ಪದಗಳಿವೆ: ಸಿರ್ನ (ಶೀರ್ಣ), ಇಲಂಗ್ (ಕಾಣೆಯಾದ), ಕೆರ್ತ (ಕೃತ), ಬುಮಿ (ಭೂಮಿ). ಸೊನ್ನೆ, ಸೊನ್ನೆ, ನಾಲ್ಕು, ಒಂದು. ತಿರುಗಿಸಿದರೆ ಶಕ 1400, ಅಂದರೆ 1478. ರಾಜ್ಯ ಅಳಿದದ್ದನ್ನು ಹೇಳುವ ಮಾತೇ ಅಳಿದ ವರ್ಷವನ್ನೂ ಹೇಳುತ್ತದೆ.

ಅರಬ್ಬಿಯ ಎಣಿಕೆ ಬಂದು ಕೂತದ್ದು ವಾರದ ಹೆಸರುಗಳಲ್ಲಿ. ಸೋಮವಾರದ ‘ಸೆನಿನ್’, ಮಂಗಳವಾರದ ‘ಸೆಲಸ’, ಬುಧವಾರದ ‘ರಬು’, ಗುರುವಾರದ ‘ಕಮಿಸ್’ ಇವೆಲ್ಲ ಅರಬ್ಬಿಯ ಎರಡು, ಮೂರು, ನಾಲ್ಕು, ಐದು. ಭಾನುವಾರ ಮಾತ್ರ ಪೋರ್ಚುಗೀಸರಿಂದ ಬಂದ ‘ಮಿಂಗು’.

ಎರಡು ಬಾಲ ಕೋಳಿ, ಮೂರು ಹಣ್ಣು ಮನೆ

ಬರಿಯ ಅಂಕಿ ಗೊತ್ತಿದ್ದರೆ ಸಂತೆಯಲ್ಲಿ ಮಾತು ಸಾಗುತ್ತದೆ, ಸೊಗಸಾಗಿರುವುದಿಲ್ಲ. ಎಣಿಸುವ ವಸ್ತು ಯಾವುದು ಎಂಬುದರ ಮೇಲೆ ನಡುವೆ ಒಂದು ಪದ ಬರಬೇಕು. ಜನರಾದರೆ ‘ಒರಂಗ್’, ಪ್ರಾಣಿಗಳಾದರೆ ‘ಎಕೊರ್’ ಅಂದರೆ ಬಾಲ, ಮನೆ, ಕಾರು ಮುಂತಾದವಕ್ಕೆ ‘ಬುವಃ’ ಅಂದರೆ ಹಣ್ಣು. ಮರ, ಪೆನ್ಸಿಲ್, ಸಿಗರೇಟುಗಳಿಗೆ ‘ಬತಂಗ್’, ಕಾಂಡ. ಮೊಟ್ಟೆಗೆ ‘ಬುತಿರ್’, ಕಾಳು. ಹೀಗೆ ಎರಡು ಬಾಲ ಕೋಳಿ, ಮೂರು ಹಣ್ಣು ಮನೆ! ನಗುವ ಮುನ್ನ ಕನ್ನಡಿಗರು ತಮ್ಮ ಭಾಷೆಯನ್ನೂ ನೋಡಿಕೊಳ್ಳಬೇಕು. ‘ಎರಡು ಹುಡುಗರು’ ಎಂದರೆ ನಮಗೂ ಕಿವಿಗೆ ಒರಟು, ‘ಇಬ್ಬರು’ ಆಗಬೇಕು. ಮನುಷ್ಯರಿಗೆ ಒಂದು ಎಣಿಕೆ, ವಸ್ತುಗಳಿಗೆ ಇನ್ನೊಂದು ಎಂಬ ವಿವೇಚನೆ ಎರಡೂ ಕಡೆ ಇದೆ. ನಾವು ಅಂಕಿಯನ್ನೇ ಬದಲಿಸುತ್ತೇವೆ, ಅವರು ಪಕ್ಕದಲ್ಲಿ ಪದ ಇಡುತ್ತಾರೆ.

ಸಂಖ್ಯೆ ಬಂದ ಮೇಲೆ ಬಹುವಚನ ಬೇಡ. ಸಂಖ್ಯೆ ಇಲ್ಲದಿದ್ದಾಗ ಪದವನ್ನೇ ಎರಡು ಬಾರಿ ಹೇಳುತ್ತಾರೆ: ಅನಕ್ ಮಗು, ಅನಕ್-ಅನಕ್ ಮಕ್ಕಳು. ಹಿಂದೆ ಇದನ್ನು ಬರೆಯುವಾಗ ಕಾಗದ ಉಳಿಸಲು ಪದದ ಪಕ್ಕ 2 ಎಂಬ ಅಂಕಿ ಹಾಕುತ್ತಿದ್ದರು. ‘ಅನಕ್2’ ಎಂದರೆ ಮಕ್ಕಳು. 1972ರ ಆಗಸ್ಟ್‌ನಲ್ಲಿ ಬಂದ ಹೊಸ ಕಾಗುಣಿತ ನಿಯಮ ಇದನ್ನು ತೆಗೆದುಹಾಕಿತು. ಅವಸರದ ಟಿಪ್ಪಣಿಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಅದು ಇನ್ನೂ ಜೀವಂತ.

ಪದಗಳ ಸ್ಥಾನ ಬದಲಾದರೆ ಅರ್ಥವೂ ಬದಲು. ‘ತಿಗ ಜಾಮ್’ ಎಂದರೆ ಮೂರು ತಾಸು, ‘ಜಾಮ್ ತಿಗ’ ಎಂದರೆ ಮೂರು ಗಂಟೆಯ ಹೊತ್ತು. ಇದಕ್ಕಿಂತ ದೊಡ್ಡ ಹಳ್ಳ ‘ಜಾಮ್ ಸೆತೆಂಗಃ ತುಜುಃ’. ಸೆತೆಂಗಃ ಎಂದರೆ ಅರ್ಧ, ತುಜುಃ ಎಂದರೆ ಏಳು. ಏಳೂವರೆ ಎಂದುಕೊಂಡು ಬಸ್ ನಿಲ್ದಾಣಕ್ಕೆ ಹೋದವರಿಗೆ ಬಸ್ ಸಿಗುವುದಿಲ್ಲ. ಅದು ಏಳಕ್ಕೆ ಅರ್ಧ ಬಾಕಿ, ಅಂದರೆ ಆರೂವರೆ. ಡಚ್ಚರೂ ಹೀಗೆಯೇ ಹೇಳುತ್ತಾರೆ.

ಸೊನ್ನೆಗಳ ಭಯ

ಬಾಲಿಗೆ ಹೋಗಿಬರುವ ಕನ್ನಡಿಗರು ಮೊದಲು ತಬ್ಬಿಬ್ಬಾಗುವುದು ಹೋಟೆಲಿನ ಬಿಲ್ ನೋಡಿ. ನಮ್ಮ ಒಂದು ರೂಪಾಯಿಗೆ ಈಚಿನ ವರ್ಷಗಳಲ್ಲಿ ಅಲ್ಲಿಯ ಇನ್ನೂರರ ಹತ್ತಿರ ಹತ್ತಿರ ರುಪಿಯಾ. ಸಾವಿರದಿಂದ ಒಂದು ಲಕ್ಷದವರೆಗೆ ನೋಟುಗಳಿವೆ. ಸಾವಿರ ಬೇರ್ಪಡಿಸಲು ಅಲ್ಪವಿರಾಮವಲ್ಲ, ಚುಕ್ಕಿ: 25.000. ದಶಮಾಂಶಕ್ಕೆ ಚುಕ್ಕಿಯಲ್ಲ, ಅಲ್ಪವಿರಾಮ: 2,5. ನಮ್ಮ ಅಭ್ಯಾಸಕ್ಕೆ ಸರಿಯಾಗಿ ಉಲ್ಟಾ. ಜಕಾರ್ತದ ಬೀದಿ ಮಾತಿನಲ್ಲಿ ಇನ್ನೊಂದು ಪಟ್ಟಿಯೇ ಇದೆ. ಚೀನಾದ ಹೊಕ್ಕಿಯನ್ ವರ್ತಕರಿಂದ ಬಂದ ಅದರಲ್ಲಿ ‘ಚೆಪೆಕ್’ ನೂರು, ‘ಗೊಪೆಕ್’ ಐನೂರು, ‘ಗೊಚೆಂಗ್’ ಐದು ಸಾವಿರ, ‘ಚೆಬನ್’ ಹತ್ತು ಸಾವಿರ. ಸರ್ಕಾರಿ ದೂರದರ್ಶನದಲ್ಲಿ 1981ರಲ್ಲಿ ಆರಂಭವಾದ ‘ಸಿ ಉನ್ಯಿಲ್’ ಎಂಬ ಗೊಂಬೆಯಾಟದಲ್ಲಿ ಪಾಕ್ ಒಗಃ ಎಂಬ ಸೋಮಾರಿ, ದಾರಿಹೋಕರನ್ನು ತಡೆದು ಮೊದಲು ಚೆಪೆಕ್ ಕೊಡಿ ಎನ್ನುತ್ತಿದ್ದ. ರಸ್ತೆ ತಿರುವಿನಲ್ಲಿ ನಿಂತು ವಾಹನ ಬಿಟ್ಟುಕೊಟ್ಟು ಚಿಲ್ಲರೆ ಕೇಳುವವರಿಗೆ ಇಂದಿಗೂ ಅವನದೇ ಹೆಸರು. ನೂರರ ಬೆಲೆ ಮಾತ್ರ ಆಗಿನದಲ್ಲ.

ಆ ಬೆಲೆ ಹೇಗೆ ಕರಗಿತು ಎಂಬುದು ವ್ಯಾಕರಣದಲ್ಲಿ ಸಿಗುವ ಪಾಠವಲ್ಲ. 1950ರ ಮಾರ್ಚ್‌ನಲ್ಲಿ ಹಣಕಾಸು ಸಚಿವ ಸ್ಯಾಫ್ರುದ್ದೀನ್, ಡಚ್ಚರ ಕಾಲದ ದೊಡ್ಡ ನೋಟುಗಳನ್ನು ಕತ್ತರಿಯಿಂದ ಎರಡು ಹೋಳು ಮಾಡಲು ಜನರಿಗೆ ಆಜ್ಞಾಪಿಸಿದರು. ಎಡ ಹೋಳು ಅರ್ಧ ಬೆಲೆಯ ಹಣ, ಬಲ ಹೋಳು ಸರ್ಕಾರಕ್ಕೆ ಕೊಟ್ಟ ಸಾಲ. 1959ರ ಆಗಸ್ಟ್‌ನಲ್ಲಿ ಹುಲಿಯ ಚಿತ್ರದ ಐನೂರರ ನೋಟು ರಾತ್ರಿ ಬೆಳಗಾಗುವುದರಲ್ಲಿ ಐವತ್ತಾಯಿತು, ಆನೆಯ ಚಿತ್ರದ ಸಾವಿರದ ನೋಟು ನೂರಾಯಿತು. 1965ರ ಡಿಸೆಂಬರ್ 13ರಂದು ಹಳೆಯ ಸಾವಿರಕ್ಕೆ ಹೊಸ ಒಂದು. 1997ರ ಮಧ್ಯದಲ್ಲಿ ಡಾಲರಿಗೆ ಸುಮಾರು 2,400 ಇದ್ದ ರುಪಿಯಾ 1998ರಲ್ಲಿ 16,000 ದಾಟಿತು. ಕೂಡಿಟ್ಟ ಹಣವನ್ನು ಎಣಿಸಿದರೆ ಅಂಕಿ ಅಷ್ಟೇ ಇತ್ತು, ಕೊಳ್ಳಬಹುದಾದ ಅಕ್ಕಿ ಮಾತ್ರ ಅಷ್ಟಿರಲಿಲ್ಲ. ಆ ವರ್ಷದ ಮೇ 21ರಂದು ಸುಹಾರ್ತೊ ಅಧಿಕಾರ ಬಿಟ್ಟರು. ಮರುವರ್ಷ, 1999ರಲ್ಲಿ, ಒಂದು ಲಕ್ಷದ ನೋಟು ಬಂತು.

ಹೀಗಾಗಿಯೇ ನೋಟಿನ ಮೂರು ಸೊನ್ನೆ ಅಳಿಸಬೇಕೆಂದು 2010ರಲ್ಲಿ ಬ್ಯಾಂಕ್ ಇಂಡೊನೇಷಿಯಾ ಹೇಳಿದಾಗ ಹಿರಿಯರು ಬೆಚ್ಚಿದರೆ ಅಚ್ಚರಿಯಿಲ್ಲ. ಹಣದ ಬೆಲೆಯನ್ನೇ ಕತ್ತರಿಸುವುದು ‘ಸನೆರಿಂಗ್’, ಬೆಲೆ ಹಾಗೇ ಉಳಿಸಿ ಬರಹ ಚಿಕ್ಕದು ಮಾಡುವುದು ‘ರೆದೆನೊಮಿನಸಿ’ ಎಂದು ಬ್ಯಾಂಕು ಪದೇ ಪದೇ ವಿವರಿಸಬೇಕಾಯಿತು. ಎರಡೂ ಹೊರಗಿನಿಂದ ಬಂದ ಪದಗಳು. ಮೊದಲನೆಯದನ್ನು ಜನ ಅನುಭವಿಸಿ ಕಲಿತಿದ್ದರು. ಎರಡನೆಯದನ್ನು ಹೋಟೆಲಿನವರು ಕಾನೂನಿಗೆ ಕಾಯದೆ ಜಾರಿ ಮಾಡಿದ್ದಾರೆ. ನಗರದ ಅದೆಷ್ಟೋ ತಿನಿಸು ಪಟ್ಟಿಗಳಲ್ಲಿ ನಾಸಿ ಗೊರೆಂಗ್ ಎದುರು ಬರೆದಿರುವುದು ಬರೀ 25. ಉಳಿದ ಮೂರು ಸೊನ್ನೆ ಗಿರಾಕಿಗೆ ಗೊತ್ತಿರುತ್ತವೆ.