ಭಯದ ಆಶ್ರಯ, ನಗೆಯ ಆಶ್ರಯ: ಅಲ್ಪವೆಚ್ಚದ ದೆವ್ವದ ಹಾಸ್ಯಚಿತ್ರಗಳ ಆಕರ್ಷಣೆ

ಕನ್ನಡ ವಿಮರ್ಶೆಯು ಚಲನಚಿತ್ರವನ್ನು ಗಂಭೀರವಾಗಿ ಪರಿಗಣಿಸಿದಾಗಲೆಲ್ಲ ಬಹುಮಟ್ಟಿಗೆ ಹೊಸ ಅಲೆಯ ಚಿತ್ರಗಳನ್ನು, ಇಲ್ಲವೇ ಕಾದಂಬರಿ ಆಧಾರಿತ ಚಿತ್ರಗಳನ್ನು ಕೇಂದ್ರದಲ್ಲಿರಿಸಿಕೊಂಡಿದೆ. ದೆವ್ವದ ಚಿತ್ರ, ಅದರಲ್ಲಿಯೂ ಅಲ್ಪ ಬಂಡವಾಳದಲ್ಲಿ ತಯಾರಾಗುವ ನಗಿಸುವ ದೆವ್ವದ ಚಿತ್ರವು ಅಧ್ಯಯನಯೋಗ್ಯವೆನಿಸಿದ್ದು ವಿರಳ. ಆದರೆ ೨೦೨೫ರ ಜುಲೈ ೨೫ರಂದು ತೆರೆಕಂಡ ‘ಸು ಫ್ರಮ್ ಸೋ’ ಈ ಉಪೇಕ್ಷೆಯನ್ನು ಮರುಪರಿಶೀಲಿಸುವಂತೆ ಮಾಡಿದೆ. ಕೆಲವೇ ಕೋಟಿ ರೂಪಾಯಿಗಳ ವೆಚ್ಚದಲ್ಲಿ, ದೊಡ್ಡ ತಾರೆಯ ನಾಯಕತ್ವವಿಲ್ಲದೆ, ಕರಾವಳಿಯ ಒಂದು ಊರಿನ ಆಡುಮಾತಿನಲ್ಲಿಯೇ ರೂಪುಗೊಂಡ ಈ ಚಿತ್ರ ನೂರು ಕೋಟಿಗೂ ಮಿಕ್ಕು ಗಳಿಸಿತೆಂದು ವರದಿಯಾಯಿತು. ಮಲಯಾಳಂ, ತೆಲುಗು ಭಾಷೆಗಳಿಗೂ ಡಬ್ ಆಯಿತು. ಇಂಥ ಚಿತ್ರಗಳ ಆಕರ್ಷಣೆಯ ಮೂಲ ಯಾವುದು? ಹೆದರಿಸುವುದೂ ನಗಿಸುವುದೂ ಒಂದೇ ಕೃತಿಯಲ್ಲಿ ಹೇಗೆ ಕೂಡಿಬರುತ್ತವೆ? ಈ ಪ್ರಶ್ನೆಗಳ ಪರಿಶೀಲನೆ ಇಲ್ಲಿನ ಉದ್ದೇಶ.

ರಸವಿರೋಧದ ಪ್ರಶ್ನೆ

ಭರತನ ನಾಟ್ಯಶಾಸ್ತ್ರವು ಶೃಂಗಾರದಿಂದ ಹಾಸ್ಯವೂ ಬೀಭತ್ಸದಿಂದ ಭಯಾನಕವೂ ಹುಟ್ಟುತ್ತವೆ ಎನ್ನುತ್ತದೆ. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಹಾಸ್ಯಕ್ಕೆ ಭಯಾನಕ ಮತ್ತು ಕರುಣಗಳು ವಿರೋಧಿಗಳೆಂದು ಸ್ಪಷ್ಟವಾಗಿ ಗುರುತಿಸುತ್ತಾನೆ. ಈ ಲಕ್ಷಣವನ್ನು ಯಥಾವತ್ತಾಗಿ ಒಪ್ಪಿದರೆ ದೆವ್ವದ ಹಾಸ್ಯಚಿತ್ರವೆಂಬುದು ರಸಾಭಾಸದ ಪ್ರಕಾರವೇ ಆಗಬೇಕಾಗುತ್ತದೆ. ಆದರೆ ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ವಿರೋಧ ಪರಿಹಾರದ ಮಾರ್ಗವನ್ನೂ ಸೂಚಿಸಿದ್ದಾನೆ. ಒಂದೇ ಆಶ್ರಯದಲ್ಲಿ ಕೂಡದ ಎರಡು ರಸಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿರಿಸಿದರೆ ದೋಷವಿಲ್ಲ. ವೀರವು ನಾಯಕನಲ್ಲಿಯೂ ಭಯವು ಅವನ ಎದುರಾಳಿಯಲ್ಲಿಯೂ ಇರಬಹುದು. ಆಶ್ರಯವೆಂದರೆ ಇಲ್ಲಿ ಭಾವವನ್ನು ಹೊತ್ತ ಪಾತ್ರ.

ಆನಂದವರ್ಧನನ ಮಾತು ಪಾತ್ರಗಳಿಗೆ ಸೀಮಿತವಾದುದು. ಅದನ್ನು ಪ್ರೇಕ್ಷಕನವರೆಗೆ ವಿಸ್ತರಿಸಿಕೊಂಡರೆ ಪ್ರಸ್ತುತ ಪ್ರಕಾರದ ರಚನೆ ತಿಳಿಯಾಗುತ್ತದೆ. ಇಲ್ಲಿ ಭಯದ ಆಶ್ರಯ ತೆರೆಯ ಮೇಲಿನ ಪಾತ್ರ. ನಗೆಯ ಆಶ್ರಯ ತೆರೆಯ ಮುಂದಿನ ಪ್ರೇಕ್ಷಕ. ‘ಅಂಜಿದವನ ಮೇಲೆ ಕಪ್ಪೆ ಹಾಕಿದಂತೆ’ ಎಂಬ ಗಾದೆಯಲ್ಲಿಯೂ ಇದೇ ವಿನ್ಯಾಸವಿದೆ. ಅಂಜುವವನಿಗೆ ಅದು ಕಪ್ಪೆಯೆಂದು ತಿಳಿಯದು, ನೋಡುವವನಿಗೆ ತಿಳಿದಿರುತ್ತದೆ. ಈ ತಿಳಿವಿನ ಅಂತರವೇ ನಗೆಯ ಬಂಡವಾಳ. ಹಣದ ಬಂಡವಾಳವನ್ನು ಅದು ಕೇಳುವುದಿಲ್ಲ.

ಗಡಿನಾಡಿನ ಪ್ರೇಕ್ಷಕ

ಈ ಅಂತರವನ್ನು ಗ್ರಹಿಸುವ ಪ್ರೇಕ್ಷಕನನ್ನು ಸಿನಿಮಾ ಹೊಸದಾಗಿ ಸೃಷ್ಟಿಸಲಿಲ್ಲ. ಬೆಳಗಾವಿ ಸೀಮೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕುಲಗೋಡು ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನು ದೇವರನ್ನೂ ಮಾತಿಗೆಳೆದು ನಗಿಸುತ್ತಾನೆ. ಅದರಿಂದ ಭಕ್ತಿಗೆ ಕುಂದುಂಟಾಗದು. ಏಣಗಿ ಬಾಳಪ್ಪನವರಂಥ ಕಲಾವಿದರು ಬೆಳೆಸಿದ ವೃತ್ತಿರಂಗಭೂಮಿಯಲ್ಲಿಯೂ ಗಂಭೀರ ಕಥೆಯ ಪಕ್ಕದಲ್ಲಿಯೇ ಹಾಸ್ಯದ ದೃಶ್ಯಗಳು ಸಾಗುತ್ತಿದ್ದವು. ಒಂದೇ ರಾತ್ರಿಯಲ್ಲಿ ಅಳುವುದೂ ನಗುವುದೂ ಇಲ್ಲಿನ ಪ್ರೇಕ್ಷಕರಿಗೆ ರೂಢಿಯೇ ಆಗಿತ್ತು.

ಬೆಳಗಾವಿ, ಖಾನಾಪುರಗಳ ದ್ವಿಭಾಷಿಕ ಪರಿಸರದಲ್ಲಿ ಮರಾಠಿ ಚಿತ್ರವೂ ಅನ್ಯವಲ್ಲ. ಮಹೇಶ ಕೊಠಾರೆಯವರ ‘ಝಪಾಟ್ಲೇಲಾ’ (೧೯೯೩) ಮತ್ತು ‘ಪಛಾಡ್ಲೇಲಾ’ (೨೦೦೪) ಚಿತ್ರಗಳ ಶೀರ್ಷಿಕೆಗಳೆರಡೂ ದೆವ್ವ ಹಿಡಿದವನೆಂಬ ಅರ್ಥದವು. ‘ಝಪಾಟ್ಲೇಲಾ’ದಲ್ಲಿ ಪಾತಕಿ ತಾತ್ಯಾ ವಿಂಚೂವಿನ ಆತ್ಮ ಒಂದು ಗೊಂಬೆಯನ್ನು ಸೇರುತ್ತದೆ. ರಾಮದಾಸ ಪಾಧ್ಯೆಯವರ ಆ ಗೊಂಬೆ ಹೆದರಿಸುವಷ್ಟೇ ನಗಿಸುತ್ತದೆ. ಅದರೊಡನೆ ಸೆಣಸುವ ಲಕ್ಷ್ಮೀಕಾಂತ ಬೇರ್ಡೆಯವರ ಗಾಬರಿಯೇ ಚಿತ್ರದ ಜೀವಾಳ. ಕನ್ನಡದಲ್ಲಿ ದೆವ್ವ ‘ಹಿಡಿಯುತ್ತದೆ’, ‘ಬಡಿಯುತ್ತದೆ’, ‘ಮೆಟ್ಟಿಕೊಳ್ಳುತ್ತದೆ’. ಅನಂತರ ಅದನ್ನು ‘ಬಿಡಿಸಬೇಕು’. ಹಿಡಿ-ಬಿಡು ಎಂಬ ಈ ಕ್ರಿಯಾಪದಗಳ ಜೋಡಿಯಲ್ಲಿಯೇ ಒಂದು ನಾಟಕೀಯ ಕಥಾಸಂವಿಧಾನವಿದೆ. ಹಿಡಿಯುವುದು ಭಯದ ಭಾಗವಾದರೆ, ಬಿಡಿಸಲು ನಡೆಯುವ ನಾನಾ ಪ್ರಯತ್ನಗಳು ಹಾಸ್ಯದ ಭಾಗ.

ಬಡತನದ ಸೌಲಭ್ಯ

ಅಲ್ಪ ಬಂಡವಾಳವನ್ನು ಸಾಮಾನ್ಯವಾಗಿ ಕೊರತೆಯೆಂದೇ ತಿಳಿಯಲಾಗುತ್ತದೆ. ಈ ಪ್ರಕಾರದಲ್ಲಿ ಅದು ಸೌಲಭ್ಯವೂ ಹೌದು. ಹಿಂದಿಯಲ್ಲಿ ರಾಮ್ಸೆ ಸಹೋದರರು ‘ದೋ ಗಜ್ ಜಮೀನ್ ಕೆ ನೀಚೆ’ (೧೯೭೨) ಚಿತ್ರದಿಂದ ಮೊದಲುಮಾಡಿ, ಕುಟುಂಬದವರೇ ತಂತ್ರಜ್ಞರಾಗಿ ದುಡಿಯುತ್ತ ಮಿತವ್ಯಯದ ಭಯಚಿತ್ರಗಳನ್ನು ನಿರ್ಮಿಸಿದರು. ಅವರ ‘ಪುರಾನಾ ಮಂದಿರ್’ (೧೯೮೪) ಚಿತ್ರದಲ್ಲಿ ಜಗದೀಪ್ ಅಭಿನಯದ ‘ಶೋಲೆ’ಯ ಅಣಕು ಉಪಕಥೆಯಾಗಿ ಬರುತ್ತದೆ. ಅಲ್ಲಿ ಭಯ ಮತ್ತು ನಗೆಗಳು ಪಕ್ಕಪಕ್ಕದಲ್ಲಿದ್ದರೂ ಬೆರೆಯುವುದಿಲ್ಲ. ದೆವ್ವವನ್ನು ಮುಖವಾಡ ತೊಡಿಸಿ ತೋರಿಸಲೇಬೇಕಾದುದರಿಂದ ಬಡತನವೂ ಎದ್ದು ಕಾಣುತ್ತದೆ.

ದೆವ್ವವನ್ನು ತೋರಿಸದೆಯೇ ಉಳಿಸಿಕೊಳ್ಳುವ ಮಾರ್ಗ ಜನಪದರಿಗೆ ತಿಳಿದಿತ್ತು. ೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಕೆಲವು ಹಳ್ಳಿಗಳಲ್ಲಿಯೂ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ಪರಿಪಾಠ ಹಬ್ಬಿತ್ತು. ರಾತ್ರಿ ಬಂದು ಆಪ್ತರ ದನಿಯಲ್ಲಿ ಕರೆಯುವ ದೆವ್ವವು ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನವೂ ಅದನ್ನೇ ಓದಿ ಹಿಂದಿರುಗುತ್ತದೆ ಎಂಬುದು ನಂಬಿಕೆ. ಕನ್ನಡ ಓದಬಲ್ಲ, ಆದರೆ ‘ನಾಳೆ’ ಎಂಬುದರ ಮೋಸವನ್ನು ಅರಿಯದ ಈ ವಿಧೇಯ ದೆವ್ವದ ಕಲ್ಪನೆಯಲ್ಲಿ ಭಯವೂ ಹಾಸ್ಯವೂ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. ಅದಕ್ಕೆ ತಗಲುವ ವೆಚ್ಚ ಒಂದು ಸುಣ್ಣದ ಕಡ್ಡಿ ಮಾತ್ರ. ೨೦೧೮ರ ಹಿಂದಿ ಚಿತ್ರ ‘ಸ್ತ್ರೀ’ ಈ ಐತಿಹ್ಯವನ್ನೇ ಮಧ್ಯಪ್ರದೇಶದ ಚಂದೇರಿಗೆ ಒಯ್ದು ಬೆಳೆಸಿತು.

ಸ್ಥಳದ ಹಳತನವೊಂದರಿಂದಲೇ ಭಯ ಹುಟ್ಟದು. ಬೆಳಗಾವಿಯ ಕೋಟೆಯೊಳಗೆ ೧೨೦೪ರ ಕಾಲದ ಕಮಲ ಬಸದಿಯಿದೆ, ಸಫಾ ಮಸೀದಿಯಿದೆ, ರಾಮಕೃಷ್ಣ ಆಶ್ರಮವಿದೆ. ನಿತ್ಯ ಜನಸಂಚಾರವಿರುವ ಆ ಪ್ರಾಚೀನತೆ ಯಾರನ್ನೂ ಹೆದರಿಸುವುದಿಲ್ಲ. ಭಯಕ್ಕೆ ಬೇಕಾದುದು ವದಂತಿ. ವದಂತಿಗೆ ಪಾಳು ಬಂಗಲೆ ಬೇಕಿಲ್ಲ, ನಾಲ್ಕು ಜನರ ನಾಲಗೆ ಸಾಕು.

ಸೋಮೇಶ್ವರದ ಸುಲೋಚನ

‘ಸು ಫ್ರಮ್ ಸೋ’ ಚಿತ್ರದ ದೆವ್ವವು ಇಂಥ ನಾಲಗೆಗಳ ಸೃಷ್ಟಿ. ಕಾಸರಗೋಡು ಜಿಲ್ಲೆಯ ಮಂಜೇಶ್ವರ ಪರಿಸರದ ತೂಮಿನಾಡನ್ನು ಹೆಸರಿನಲ್ಲಿಯೇ ಹೊತ್ತ ಜೆ.ಪಿ. ತೂಮಿನಾಡು ತುಳು ರಂಗಭೂಮಿಯಿಂದ ಬಂದವರು. ಚಿತ್ರದ ನಿರ್ದೇಶನ, ಮುಖ್ಯ ಪಾತ್ರ ಎರಡೂ ಅವರವೇ. ನಿರ್ಮಾಪಕರಲ್ಲೊಬ್ಬರಾದ ರಾಜ್ ಬಿ. ಶೆಟ್ಟಿ ಗುರೂಜಿಯ ಪಾತ್ರದಲ್ಲಿ ಕಾಣಿಸಿಕೊಂಡಿದ್ದಾರೆ. ಹೆಣ್ಣೊಬ್ಬಳನ್ನು ಮರೆಯಿಂದ ಇಣುಕಿ ನೋಡಿ ಸಿಕ್ಕಿಬಿದ್ದ ಅಶೋಕನು ತಪ್ಪಿಸಿಕೊಳ್ಳಲು ದೆವ್ವ ಹಿಡಿದವನಂತೆ ನಟಿಸುತ್ತಾನೆ. ಆ ದೆವ್ವಕ್ಕೆ ಸೋಮೇಶ್ವರದ ಸುಲೋಚನ ಎಂಬ ಮೃತ ಹೆಂಗಸಿನ ಹೆಸರು ಅಂಟಿಕೊಳ್ಳುತ್ತದೆ. ಇಡೀ ಊರು ನಡುಗುತ್ತದೆ. ದೆವ್ವವಿಲ್ಲವೆಂದು ಅಶೋಕನಿಗೂ ಪ್ರೇಕ್ಷಕನಿಗೂ ಗೊತ್ತು. ಹೀಗೆ ಮೊದಲಾರ್ಧದುದ್ದಕ್ಕೂ ಭಯದ ಆಶ್ರಯವೂ ನಗೆಯ ಆಶ್ರಯವೂ ಪ್ರತ್ಯೇಕವಾಗಿಯೇ ಉಳಿಯುತ್ತವೆ.

ತುಳುನಾಡಿನಲ್ಲಿ ಆರಾಧನೆಗೊಳ್ಳುವ ದೈವ ಬೇರೆ, ಸತ್ತವರ ‘ಕುಲೆ’ ಬೇರೆ. ಆಟಿ ತಿಂಗಳಲ್ಲಿ ಕುಲೆಗಳಿಗೆ ಎಡೆಯಿಡುವ, ಅವಿವಾಹಿತರಾಗಿ ಸತ್ತವರಿಗೆ ಮದುವೆ ಮಾಡಿಸುವ ಸಂಪ್ರದಾಯದಲ್ಲಿ ಸತ್ತವರು ಬಂಧುತ್ವದಿಂದ ಕಳಚಿಕೊಳ್ಳುವುದಿಲ್ಲ. ಚಿತ್ರದ ನಗೆ ದೈವಾರಾಧನೆಯನ್ನು ಮುಟ್ಟದೆ ಕುಲೆಯ ವಲಯದಲ್ಲಿಯೇ ಆಡುತ್ತದೆ. ಬಂಧುತ್ವದ ಈ ನಂಬಿಕೆಯೇ ಕಥೆಯನ್ನು ಉತ್ತರಾರ್ಧದಲ್ಲಿ ತಿರುಗಿಸುತ್ತದೆ. ಸುಲೋಚನಳ ಮಗಳು ಭಾನು ಬಂಧುವಿನ ದಬ್ಬಾಳಿಕೆಗೆ ಸಿಲುಕಿದವಳು. ಬದುಕಿರುವ ಮಗಳ ಮಾತಿಗೆ ಇಲ್ಲದ ಬೆಲೆ ಸತ್ತ ತಾಯಿಯ ಮಾತಿಗಿದೆ. ಆದುದರಿಂದ ಅಶೋಕನು ಬಿಡಬೇಕೆಂದಿದ್ದ ವೇಷವನ್ನು ಮತ್ತೆ ತೊಡಬೇಕಾಗುತ್ತದೆ. ಹೆಣ್ಣಿನ ಖಾಸಗಿತನವನ್ನು ಉಲ್ಲಂಘಿಸಿದವನೇ ಹೆಣ್ಣಿನ ದನಿಯ ವಾಹಕನಾಗುವ ವ್ಯಂಗ್ಯ ಗಮನಾರ್ಹ. ಇಲ್ಲಿಂದ ಮುಂದೆ ಪ್ರೇಕ್ಷಕನೂ ಅಂಜತೊಡಗುತ್ತಾನೆ; ದೆವ್ವಕ್ಕಲ್ಲ, ಸುಳ್ಳು ಬಯಲಾದರೆ ಭಾನುವಿನ ಗತಿಯೇನೆಂಬುದಕ್ಕೆ. ಪ್ರತ್ಯೇಕವಾಗಿದ್ದ ಆಶ್ರಯಗಳು ಒಂದಾಗುತ್ತವೆ. ವಿಶ್ವನಾಥನು ಹಾಸ್ಯದ ವಿರೋಧಿಯೆಂದ ಕರುಣವು ಹಾಸ್ಯದ ಬಾಗಿಲಿನಿಂದಲೇ ಒಳಗೆ ಬರುತ್ತದೆ.

ಹಿಂದಿನ ಕನ್ನಡ ಚಿತ್ರಗಳೊಡನೆ ಹೋಲಿಸಿದಾಗ ಈ ಪಲ್ಲಟ ಮತ್ತಷ್ಟು ಸ್ಪಷ್ಟವಾಗುತ್ತದೆ. ‘ನಾ ನಿನ್ನ ಬಿಡಲಾರೆ’ (೧೯೭೯) ಚಿತ್ರದಲ್ಲಿ ಗಂಡಿನ ಮೈಹೊಕ್ಕ ಹೆಣ್ಣಿನ ಆತ್ಮವನ್ನು ಹೊರಹಾಕಲು ದೈವಕೃಪೆ ಬೇಕಾಗುತ್ತದೆ. ‘ಆಪ್ತಮಿತ್ರ’ದಲ್ಲಿ (೨೦೦೪) ಮನೋವೈದ್ಯನ ಜ್ಞಾನ ಆ ಸ್ಥಾನವನ್ನು ಪಡೆಯುತ್ತದೆ. ‘ನಮೋ ಭೂತಾತ್ಮ’ (೨೦೧೪) ತಮಿಳಿನಿಂದ ಬಂದ ಹಾಸ್ಯ. ಮೊದಲೆರಡರಲ್ಲಿ ಹೆಣ್ಣುದೆವ್ವವನ್ನು ಬಿಡಿಸುವುದೇ ಪರಿಹಾರ. ‘ಸು ಫ್ರಮ್ ಸೋ’ ಚಿತ್ರದಲ್ಲಿ ಅದನ್ನು ಉಳಿಸಿಕೊಳ್ಳುವುದು ಅನಿವಾರ್ಯ.

ನಗೆಯ ಹೊಣೆ

ಈ ಪ್ರಕಾರಕ್ಕೆ ಮಿತಿಗಳೂ ಇವೆ. ದೆವ್ವ ಬಿಡಿಸುವ ಹೆಸರಿನಲ್ಲಿ ನಡೆಯುವ ಹಿಂಸೆ ತೆರೆಯ ಹೊರಗೆ ನಗೆಯ ವಸ್ತುವಲ್ಲ. ಅಂಥ ಹಿಂಸೆಯನ್ನೂ ನಿಷೇಧಿಸುವ ಕರ್ನಾಟಕದ ವಾಮಾಚಾರ ಪ್ರತಿಬಂಧಕ ಅಧಿನಿಯಮ ೨೦೧೭ರಲ್ಲಿ ಅಂಗೀಕಾರವಾಗಿ ೨೦೨೦ರ ಜನವರಿಯಲ್ಲಿ ಜಾರಿಗೆ ಬಂದಿತು. ಕಾನೂನು ಬೇಕಾಗುವಷ್ಟು ವಾಸ್ತವವಾಗಿರುವ ಆಚರಣೆಯನ್ನು ಹಾಸ್ಯವಾಗಿಸುವಾಗ ನಗೆ ಯಾರ ಮೇಲೆ ಬೀಳುತ್ತದೆ ಎಂಬುದು ಮುಖ್ಯ. ಹಿಡಿಸಿಕೊಂಡವರನ್ನು ನೋಡಿ ನಗುವ ಚಿತ್ರ ಹಿಂಸೆಗೆ ಸಮ್ಮತಿ ನೀಡಿದಂತಾಗುತ್ತದೆ. ಬಿಡಿಸುವವರ ಆಡಂಬರವನ್ನು ನೋಡಿ ನಗುವ ಚಿತ್ರ ಅದನ್ನು ಪ್ರಶ್ನಿಸುತ್ತದೆ. ಬದುಕಿರುವ ಹೆಣ್ಣಿಗೆ ನ್ಯಾಯ ದೊರೆಯಲು ಸತ್ತವಳ ಹೆಸರು ಬೇಕಾಯಿತು, ಅದೂ ಗಂಡಿನ ಬಾಯಿಂದ ಬರಬೇಕಾಯಿತು ಎಂಬ ಸಂಗತಿ ‘ಸು ಫ್ರಮ್ ಸೋ’ ಚಿತ್ರದ ಶಕ್ತಿಯೂ ಹೌದು, ಅದು ಬಿಡಿಸದ ಒಗಟೂ ಹೌದು.

ಒಟ್ಟಿನಲ್ಲಿ, ಅಲ್ಪವೆಚ್ಚದ ದೆವ್ವದ ಹಾಸ್ಯಚಿತ್ರಗಳ ಆಕರ್ಷಣೆಯು ಅಗ್ಗದ ರಂಜನೆಯಲ್ಲಿ ಮುಗಿಯುವುದಿಲ್ಲ. ದೆವ್ವವನ್ನು ತೋರಿಸುವ ಶಕ್ತಿಯಿಲ್ಲದ ಕ್ಯಾಮರಾ ಊರನ್ನು ತೋರಿಸುತ್ತದೆ. ಊರಿನ ಮಾತು, ವದಂತಿ, ಅಂಜಿಕೆ, ಮೌನಗಳನ್ನು ದಾಖಲಿಸುತ್ತದೆ. ರಸವಿರೋಧದ ಹಳೆಯ ಚರ್ಚೆಗೆ ಇಂಥ ಚಿತ್ರಗಳು ಹೊಸ ಸಾಮಗ್ರಿಯನ್ನು ಒದಗಿಸುತ್ತವೆ. ಉಪಭಾಷೆ, ಜಾನಪದ ನಂಬಿಕೆ, ವೃತ್ತಿರಂಗಭೂಮಿಗಳ ಅಧ್ಯಯನದಲ್ಲಿ ತೊಡಗಿರುವ ಕನ್ನಡ ವಿಭಾಗಗಳು ಈ ಚಿತ್ರಗಳನ್ನು ತಮ್ಮ ವ್ಯಾಪ್ತಿಯೊಳಗೆ ತಂದುಕೊಳ್ಳಬೇಕಾಗಿದೆ.