ಗೋಡೆಯೊಳಗಿನ ತಂತಿ ಯಾರದು?

ಭೋಗ್ಯವೆಂಬ ಮಾತಿಗೆ ಬೆಂಗಳೂರಿನಲ್ಲಿ ಒಂದು ಅರ್ಥ, ಲಂಡನ್ನಿನಲ್ಲಿ ಇನ್ನೊಂದು. ನಮ್ಮಲ್ಲಿ ಇಡಿಗಂಟನ್ನು ಮನೆಯ ಒಡೆಯನ ಕೈಯಲ್ಲಿಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸವಾಗಿದ್ದು, ಹೊರಡುವಾಗ ಗಂಟನ್ನು ಹಿಂದಕ್ಕೆ ಪಡೆಯುತ್ತೇವೆ. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಮಹಡಿಯ ಮನೆಯೊಂದನ್ನು ಕೊಳ್ಳುವವನು ಪೂರ್ತಿ ಬೆಲೆ ತೆತ್ತರೂ ಅವನಿಗೆ ಸಾಮಾನ್ಯವಾಗಿ ದೊರೆಯುವುದು 99 ಅಥವಾ 125 ವರ್ಷದ, ಅಪರೂಪಕ್ಕೆ 999 ವರ್ಷದ ಭೋಗ್ಯ. ನೆಲವೂ ಹೊರಗೋಡೆಯೂ ಮೆಟ್ಟಿಲೂ ಬಹುಮಟ್ಟಿಗೆ ಮೂಲ ಮಾಲಿಕನವು. ಅವುಗಳ ರಕ್ಷಣೆಯ ಖರ್ಚು ಮಾತ್ರ ವರ್ಷವರ್ಷವೂ ಭೋಗ್ಯದಾರರದು. ಇದರ ಮೇಲೆ ನೆಲಬಾಡಿಗೆ ಬೇರೆ ಇತ್ತು. 2022ರ ಜೂನ್ 30ರಿಂದ ಮಾಡಿಕೊಂಡ ಹೊಸ ದೀರ್ಘ ಭೋಗ್ಯಗಳಲ್ಲಿ ಬಹುತೇಕಕ್ಕೆ ಆ ಬಾಡಿಗೆ ಒಂದು ಮೆಣಸಿನ ಕಾಳನ್ನು ಮೀರಬಾರದೆಂದು ಶಾಸನವಾಯಿತು. ನಮ್ಮ ಮಲೆನಾಡಿನ ಬಳ್ಳಿಯ ಕಾಳು ಆ ದೇಶದ ಕಾನೂನಿನಲ್ಲಿ ನಾಮಮಾತ್ರದ ಬೆಲೆಗೆ ಪರ್ಯಾಯಪದವಾಗಿ ಕುಳಿತಿರುವುದು ಭಾಷಾಭ್ಯಾಸಿಗಳಿಗೆ ಸ್ವಾರಸ್ಯದ ಸಂಗತಿ.

ನಾನು ಹೇಳಹೊರಟಿರುವುದು ಆ ಗೋಡೆಗಳೊಳಗೆ ಅಡಗಿರುವ ವಿದ್ಯುತ್ ತಂತಿಯ ವಿಷಯ. ಬೀದಿಯಿಂದ ಬಂದ ದಪ್ಪ ತಂತಿ ಕಟ್ಟಡದ ತಳದಲ್ಲಿ ಒಳಹೊಕ್ಕು, ಮಹಡಿಯಿಂದ ಮಹಡಿಗೆ ಏರಿ, ಅಲ್ಲಲ್ಲಿ ಕವಲೊಡೆದು ಒಂದೊಂದು ಮನೆಯ ಫ್ಯೂಸನ್ನು ಮುಟ್ಟುತ್ತದೆ. ಬೀದಿಯ ತಂತಿ ವಿತರಣಾ ಕಂಪೆನಿಯದು, ಮೀಟರಿನಿಂದೀಚೆಯದು ಮನೆಯವನದು. ನಡುವಿನ ಏರುತಂತಿ ಯಾರದು? ಕೆಲವು ಕಟ್ಟಡಗಳಲ್ಲಿ ಕಂಪೆನಿಯದು, ಕೆಲವುಗಳಲ್ಲಿ ಮೂಲ ಮಾಲಿಕನದು. ಹಳೆಯ ಕಟ್ಟಡಗಳಲ್ಲಿ ಎಷ್ಟೋ ವೇಳೆ ಅದನ್ನು ಹೇಳುವ ಕಾಗದವೇ ಸಿಕ್ಕುವುದಿಲ್ಲ. ದೀಪ ಉರಿಯುತ್ತಿರುವವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಈಗ ಕೇಳಬೇಕಾಗಿದೆ. ಒಂದೊಂದು ಮನೆಗೆ 60 ಆಂಪಿಯರಿನ ಫ್ಯೂಸು ಸಾಕೆಂದು ಎಣಿಸಿದ ಕಾಲದ ಕಟ್ಟಡಗಳು ಅಲ್ಲಿ ಹೇರಳವಾಗಿವೆ. ಎಲ್ಲರೂ ಏಕಕಾಲದಲ್ಲಿ ಒಲೆ ಹಚ್ಚುವುದಿಲ್ಲವೆಂಬ ಲೆಕ್ಕದಿಂದ ಏರುತಂತಿಯನ್ನು ಇನ್ನೂ ಮಿತವಾಗಿ ಹಾಕುವುದು ವಾಡಿಕೆ. ವಿದ್ಯುತ್ ಕಾರಿಗೆ ಮನೆಯಲ್ಲಿ ಶಕ್ತಿ ತುಂಬುವ ಸಾಮಾನ್ಯ ಯಂತ್ರವೊಂದೇ ಸುಮಾರು 32 ಆಂಪಿಯರನ್ನು, ಅದೂ ಗಂಟೆಗಟ್ಟಲೆ, ಎಳೆಯುತ್ತದೆ. ಅನಿಲ ಬಿಟ್ಟು ವಿದ್ಯುತ್ತಿನಿಂದಲೇ ಅಡಿಗೆಯನ್ನೂ ಮನೆ ಬೆಚ್ಚಗಿಡುವುದನ್ನೂ ಮಾಡಹೊರಟರೆ ಹಳೆಯ ಲೆಕ್ಕ ತಲೆಕೆಳಗಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದಕ್ಷಿಣ ಲಂಡನ್ನಿನ ಎಂಟು ಮನೆಗಳ ಕಟ್ಟಡದಲ್ಲಿ ಮೇಲ್ಮಹಡಿಯ ಮನೆ ಕೊಂಡು ಈ ತೊಡಕಿನಲ್ಲಿ ಸಿಕ್ಕಿದ್ದಾಳೆ. 100 ಆಂಪಿಯರಿಗೆ ಅರ್ಜಿ ಹಾಕಿದಳು. ಫ್ಯೂಸನ್ನು ಬದಲಿಸಬಹುದು, ಆದರೆ ಏರುತಂತಿ ಅಷ್ಟು ಭಾರ ತಾಳದು, ಅದು ನಮ್ಮದಲ್ಲ ಎಂದಿತು ಕಂಪೆನಿ. ತಂತಿ ಕೆಟ್ಟಿಲ್ಲ, ಕೆಡದುದನ್ನು ಬದಲಿಸುವ ಹೊಣೆ ನಮ್ಮದಲ್ಲ ಎಂದ ಮಾಲಿಕನ ಏಜೆಂಟ್. “ಮೇಷ್ಟ್ರೇ, ಕರಾರುಪತ್ರದಲ್ಲಿ ಒಂದೇ ಒಂದು ಪದಕ್ಕಾಗಿ ಹುಡುಕುತ್ತಿದ್ದೇನೆ. ನಿಮ್ಮ ತರಗತಿಯಲ್ಲಿ ಕೂಡ ಇಷ್ಟು ಶ್ರದ್ಧೆಯಿಂದ ಓದಿರಲಿಲ್ಲ” ಎಂದು ಬರೆದಿದ್ದಳು.

ಆ ಪದ ‘ಸುಧಾರಣೆ’. ಕರಾರಿನಲ್ಲಿ ‘ದುರಸ್ತಿ’ ಎಂದಷ್ಟೇ ಇದ್ದರೆ, ಹಳೆಯದಾದರೂ ಕೆಲಸ ಮಾಡುತ್ತಿರುವ ತಂತಿಯ ಜಾಗದಲ್ಲಿ ದಪ್ಪನೆಯದನ್ನು ಹಾಕಿಸಲು ಮಾಲಿಕನನ್ನು ಒತ್ತಾಯಿಸುವುದು ಕಷ್ಟ. ಅವನಾಗಿ ಹಾಕಿಸಿದರೆ ಆ ವೆಚ್ಚವನ್ನು ಭೋಗ್ಯದಾರರಿಂದ ವಸೂಲು ಮಾಡುವುದೂ ಅಷ್ಟೇ ಕಷ್ಟ. ‘ಸುಧಾರಣೆ’ಯೆಂಬ ಮಾತೂ ಇದ್ದರೆ ವಸೂಲಿಗೆ ದಾರಿಯುಂಟು. ಆಗಲೂ 1985ರ ಶಾಸನ ಅಡ್ಡ ನಿಲ್ಲುತ್ತದೆ: ಖರ್ಚು ನ್ಯಾಯಸಮ್ಮತವಾಗಿರಬೇಕು, ಯಾವನೇ ಭೋಗ್ಯದಾರನ ಪಾಲು 250 ಪೌಂಡನ್ನು ಮೀರುವುದಾದರೆ ಮೊದಲು ಎಲ್ಲರ ಅಭಿಪ್ರಾಯ ಕೇಳಬೇಕು ಎಂದು 2003ರ ನಿಯಮಾವಳಿ ವಿಧಿಸಿತು. ಲಂಡನ್ನಿನ ಹೌನ್ಸ್ಲೊ ಪುರಸಭೆಯ ವಸತಿಗಳ ಕಿಟಕಿಗಳನ್ನು ಕುರಿತ ಮೊಕದ್ದಮೆಯಲ್ಲಿ 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಇನ್ನೊಂದು ಮಾತನ್ನು ಸೇರಿಸಿತು. ಮಾಡಲೇಬೇಕಾದ ದುರಸ್ತಿಗಿಂತ, ಮಾಡಿದರೆ ಒಳಿತೆನ್ನುವ ಸುಧಾರಣೆಯಲ್ಲಿ ಭೋಗ್ಯದಾರರ ಇಷ್ಟವನ್ನೂ ಕೈಯಳತೆಯನ್ನೂ ಹೆಚ್ಚಾಗಿ ಗಮನಿಸಬೇಕು ಎಂಬುದು ಅದರ ಸಾರ.

ನಿಘಂಟಿನಲ್ಲಿ ಈ ಎರಡು ಪದಗಳು ನೆರೆಹೊರೆಯವೇ. ಆ ಕಟ್ಟಡದ ನೆರೆಹೊರೆಯನ್ನು ಮಾತ್ರ ಅವು ಎರಡು ಪಕ್ಷ ಮಾಡಿಬಿಟ್ಟಿವೆ. ಮೊದಲ ಮಹಡಿಯಲ್ಲಿ ವಿಶ್ರಾಂತಿವೇತನದ ಮೇಲೆ ಬದುಕುವ ವೃದ್ಧೆಯೊಬ್ಬಳಿದ್ದಾಳೆ. ಅವಳಿಗೆ ಕಾರಿಲ್ಲ, ಒಂದು ಕೆಟಲ್ಲು, ಒಂದು ಟೆಲಿವಿಷನ್ನು. ನಿನ್ನ ಕಾರಿನ ಹಸಿವಿಗೆ ನಾನೇಕೆ ಹಣ ಕೊಡಲಿ ಎಂದು ಅವಳು ಕೇಳಿದ್ದಾಳೆ. ನಮ್ಮ ಹಳೆಯ ವಠಾರಗಳಲ್ಲಿ ಒಂದೇ ಮೀಟರಿನ ಬಿಲ್ಲನ್ನು ಹಂಚುವಾಗ ಇಸ್ತ್ರಿಪೆಟ್ಟಿಗೆ ಇಟ್ಟ ಮನೆಯನ್ನು ಇತರ ಒಕ್ಕಲುಗಳು ನೋಡುತ್ತಿದ್ದ ನೋಟವೇ ಇದು. ಮುದುಕಿಯ ಪ್ರಶ್ನೆಯಲ್ಲಿ ಅನ್ಯಾಯವೇನೂ ನನಗೆ ಕಾಣದು.

ಆದರೆ ಅದು ಅವಳಿಗೆ ಬರಬಾರದಾಗಿದ್ದ ಪ್ರಶ್ನೆ. 2023ರ ಏಪ್ರಿಲಿನಿಂದ ಅಲ್ಲಿಯ ನಿಯಂತ್ರಣ ಸಂಸ್ಥೆಯಾದ ಆಫ್ಜೆಮ್ ನಿಯಮವನ್ನು ಬದಲಿಸಿ, ಬೀದಿಯ ಜಾಲವನ್ನು ಬಲಪಡಿಸುವ ವೆಚ್ಚ ಹೊಸದಾಗಿ ವಿದ್ಯುತ್ತು ಬೇಡುವವನೊಬ್ಬನ ಮೇಲೆಯೇ ಬೀಳದೆ, ಬಹುಮಟ್ಟಿಗೆ ಎಲ್ಲ ಬಳಕೆದಾರರ ಬಿಲ್ಲಿನಲ್ಲಿ ಹರಡುವಂತೆ ಮಾಡಿತು. ಅದೇ ತಂತಿ ಗೋಡೆಯನ್ನು ಹೊಕ್ಕು ಮಾಲಿಕನ ಸ್ವತ್ತಾದೊಡನೆ ಎಂಟು ಸಂಸಾರಗಳ ಕೈಗಂಟಿಗೆ ಇಳಿಯುವುದೇಕೆ? ಕಂಪೆನಿಗಳೇ ಇಂಥ ಏರುತಂತಿಗಳನ್ನು ವಹಿಸಿಕೊಂಡು ಬೀದಿಯ ಲೆಕ್ಕಕ್ಕೇ ಸೇರಿಸುವುದು ಯುಕ್ತವೆಂದು ನನ್ನ ಮತ. ನೂರು ವರ್ಷದ ಕೊನೆಗೆ ಮನೆಯನ್ನು ಬಿಟ್ಟುಕೊಡಬೇಕಾದವರು ಮಾಲಿಕನ ಗೋಡೆಗೆ ತಾಮ್ರ ಹೂಳುವುದು ವಿಚಿತ್ರವೇ ಸರಿ. ಭೋಗ್ಯದ ಅವಧಿಯನ್ನು ವಿಸ್ತರಿಸಿಕೊಳ್ಳುವ ಹಕ್ಕನ್ನು 1993ರ ಶಾಸನ ಕೊಟ್ಟಿದೆ ನಿಜ. ಅದಕ್ಕೂ ಬೆಲೆ ತೆರಬೇಕು.

ಏರುತಂತಿ ತಮ್ಮದಲ್ಲವೆನ್ನುವುದಕ್ಕೆ ಆಧಾರವೇನೆಂದು ಅವಳು ಕಂಪೆನಿಯನ್ನು ಬರಹದಲ್ಲಿ ಕೇಳಿದ್ದಾಳೆ. ಹಳೆಯ ನಕ್ಷೆಗಳನ್ನು ತೆಗೆಸಿ ನೋಡುತ್ತೇವೆಂದು ಉತ್ತರ ಬಂದಿದೆ. ಬರುವ ತಿಂಗಳು ಎಂಟು ಮನೆಯವರೂ ಸಭೆ ಸೇರುತ್ತಾರಂತೆ. ಮುದುಕಿಯೂ ಬರುತ್ತಾಳೆ. ತನ್ನ ಕರಾರುಪತ್ರವನ್ನು ಓದಿ ಅರ್ಥ ಹೇಳೆಂದು ಅದನ್ನು ಮೊನ್ನೆ ಇವಳ ಕೈಗೇ ಕೊಟ್ಟಿದ್ದಾಳೆ.